ಐದನೆಯ ‘ಏಕೆ’

ಅದು ಮಾವನವರೇ ಆಗಿದ್ದರೆ ಅವರನ್ನು ಎಣಿಕೆಗೆ ಸೇರಿಸಬೇಕೇ, ಬೇಡವೇ?

ತರಬೇತಿಯಲ್ಲಿ ಇದೊಂದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಎಣಿಸಿ, ಮುಖ ನೋಡಬೇಡಿ, ಮುಲಾಜು ಬೇಡ ಎಂದೇನೋ ಹೇಳಿದ್ದರು. ಆದರೆ ಮುಖ ನೋಡಿಬಿಟ್ಟ ಮೇಲೆ ಏನು ಮಾಡಬೇಕು ಎಂಬ ಬಗ್ಗೆ ಒಂದು ಮಾತೂ ಇರಲಿಲ್ಲ. ಅಥವಾ ಅದು ಮಾವನವರಲ್ಲವೇನೋ. ಲೋಕದಲ್ಲಿ ಬೋಳುತಲೆಗಳಿಗೇನು ಬರವೇ? ಬೆನ್ನಿಗೆ ಕೋಲು ಕಟ್ಟಿದ ಹಾಗೆ ನೆಟ್ಟಗೆ ಕೂರುವ ಮುದುಕರು ಇನ್ನೊಬ್ಬರು ಇರಬಾರದೇ? ಮಾವನವರು ನಿವೃತ್ತ ಹೆಡ್‌ಮೇಷ್ಟ್ರು. ವ್ಯಸನ ತಡೆ ಸಮಿತಿಯ ಅಧ್ಯಕ್ಷರು. ಮಗಳ ಮನೆಯಲ್ಲೇ ಇರುವವರು. ಈ ಹೊತ್ತಿಗೆ ಗ್ರಂಥಾಲಯದಲ್ಲಿ ಪೇಪರ್ ಓದುತ್ತಿರಬೇಕಾದವರು. ಬಾರಿನ ಮೂಲೆಯಲ್ಲಿ, ಎಣಿಸಲು ಕೂತ ಅಳಿಯನ ಪಕ್ಕದ ಮೇಜಿನಲ್ಲಿ ಅವರಿಗೇನು ಕೆಲಸ?

ಅಷ್ಟರಲ್ಲಿ ವೇಟರ್ ಆ ಮೇಜಿನ ಬಳಿ ಬಾಗಿ ಕೇಳಿದ. “ಸಾರ್, ದಿನಾ ತಗೊಳ್ಳೋದೇ ತಾನೇ?”

“ಹೂಂ.”

ಅಲ್ಲಿಗೆ ಸಂಶಯವೆಲ್ಲ ನಿವಾರಣೆಯಾಯಿತು. ಹಿಂದೆ ಇವನು ಹೆಣ್ಣು ಕೇಳಲು ಹೋಗಿದ್ದಾಗ, ಇಡೀ ಮನೆ ಉಸಿರು ಬಿಗಿಹಿಡಿದು ಕಾದಿದ್ದಾಗ, ಮಾವನವರು ಹೇಳಿದ್ದೂ ಇದೇ ‘ಹೂಂ’. ಅಂಥ ‘ಹೂಂ’ ಭೂಮಿಯ ಮೇಲೆ ಇನ್ನೊಂದಿಲ್ಲ.

ಇವನನ್ನು ಬೀದಿಯವರು ಗುಣಮಟ್ಟ ಎಂದು ಕರೆಯುತ್ತಿದ್ದರು. ಪದವೀಧರ, ಸಜ್ಜನ, ವ್ಯಸನ ತಡೆ ಕೇಂದ್ರದ ಸಂಯೋಜಕ. ಮಾತು ಕಡಿಮೆ. ಎಷ್ಟು ಕಡಿಮೆಯೆಂದರೆ, ಅವನು ಮನೆಯಲ್ಲಿದ್ದಾನೋ ಇಲ್ಲವೋ ಎಂದು ತಿಳಿಯಲು ಹೆಂಡತಿ ಬಾಗಿಲ ಬಳಿ ಚಪ್ಪಲಿ ನೋಡುತ್ತಿದ್ದಳು. ಇಂಥವನು ಇತ್ತೀಚೆಗೆ ಗುಣಮಟ್ಟ ಸುಧಾರಣೆಯ ತರಬೇತಿಗೆ ಹೋಗಿ ಬಂದವನೇ ಸಿಕ್ಕಿದವರಿಗೆಲ್ಲ “ನಮ್ಮ ಕೆಲಸದ ಗುಣಮಟ್ಟ ಏನು?” ಎಂದು ಕೇಳತೊಡಗಿದ. ಮೂಕನಂತಿದ್ದವನು ಏಕಾಏಕಿ ಬಾಯಿಬಿಟ್ಟರೆ ಜನ ಬಿಡುತ್ತಾರೆಯೇ? ಹೆಸರು ಅಂಟಿತು.

ತರಬೇತಿಯ ಸಾರ ಇಷ್ಟು. ಅಳೆಯದೆ ಸುಧಾರಿಸಲಾಗದು. ಕೆಲಸ ನಡೆಯುವ ಜಾಗಕ್ಕೆ ನೀವೇ ಹೋಗಿ ನೋಡಿ. ಏನು ತಪ್ಪಿದರೂ ಐದು ಸಲ ‘ಏಕೆ’ ಎಂದು ಕೇಳಿ, ಆಗ ಸಮಸ್ಯೆಯ ಬುಡ ಸಿಗುತ್ತದೆ. ಯಾವ ಬದಲಾವಣೆಯನ್ನೂ ಮೊದಲು ಒಬ್ಬರ ಮೇಲೆ ಮಾತ್ರ ಪ್ರಯೋಗಿಸಿ. ಕೇಂದ್ರದ ಮೇಲಧಿಕಾರಿ ಮೇಡಂ ಈ ಪದ್ಧತಿಯ ಪರಮ ಭಕ್ತೆ. ಅವರು ಸಮಿತಿಯ ಮುಂದೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ ಹೋಗಿದ್ದರು. “ನೀವು ಹಂಚಿದ ಕರಪತ್ರ ನನಗೆ ಬೇಡ. ಮಾಡಿದ ಭಾಷಣ ಬೇಡ. ಕುಡಿಯೋದು ಬಿಟ್ಟೋರು ಒಬ್ಬರನ್ನ ತೋರಿಸಿ. ಒಬ್ಬರು! ಇಲ್ಲಾಂದ್ರೆ ಕೇಂದ್ರಕ್ಕೆ ಬೀಗ.”

ಬೀಗ ಎಂಬ ಮಾತಿಗೆ ಸಮಿತಿ ದಂಗಾಗಿ ಕೂತಿತ್ತು. ಇಷ್ಟು ವರ್ಷ ಯಾರೂ ಹೀಗೆ ಕೇಳಿರಲಿಲ್ಲ. ಗುಣಮಟ್ಟ ಮಾತ್ರ ದಂಗಾಗಲಿಲ್ಲ. ಮೊದಲು ಅಳೆಯಬೇಕು ಎಂದುಕೊಂಡು ಮರುದಿನ ಸಂಜೆಯೇ ಬಾರಿಗೆ ನಡೆದ. ಪೆನ್ನು ಕಾಗದ ತೆಗೆದರೆ ಜನ ಬೆದರುತ್ತಾರೆಂದು ಎಡಜೇಬಿನ ತುಂಬ ಬೆಂಕಿಕಡ್ಡಿ ತುಂಬಿಕೊಂಡಿದ್ದ. ಕುಡಿಯುವವನೊಬ್ಬ ಒಳಗೆ ಬಂದರೆ ಒಂದು ಕಡ್ಡಿ ಬಲಜೇಬಿಗೆ. ಲೆಕ್ಕ ಸರಾಗವಾಗಿಯೇ ಸಾಗಿತ್ತು, ಮಾವನವರು ಬರುವವರೆಗೆ.

ಈಗ ಮಾವನವರ ಲೋಟ ಬಂದು ಅರ್ಧ ಖಾಲಿಯಾಗಿದ್ದರೂ ಅವರ ಕಡ್ಡಿ ಇವನ ಎರಡು ಬೆರಳ ನಡುವೆ, ಯಾವ ಜೇಬಿಗೂ ಹೋಗದೆ ನಿಂತಿತ್ತು. ಅದೇ ಹೊತ್ತಿಗೆ ಮಾವನವರು ತಲೆ ತಿರುಗಿಸಿದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಾವನವರ ಕಣ್ಣು ಇವನ ಮುಖದಿಂದ ತಮ್ಮ ಲೋಟಕ್ಕೂ, ಇವನ ಕಣ್ಣು ಅವರ ಲೋಟದಿಂದ ಮುಖಕ್ಕೂ ಹೋಗಿಬಂದವು. ಮಾವನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೋಡದಿದ್ದರೆ ಕಾಣುವುದಿಲ್ಲವೆಂದು ಅವರಿಗೆ ಅನ್ನಿಸಿರಬೇಕು. ಆಮೇಲೆ ಎದ್ದು, ಶಾಲೆಯ ಗಂಟೆ ಹೊಡೆದ ಹಾಗೆ ಗಂಭೀರವಾಗಿ ಹೆಜ್ಜೆ ಹಾಕುತ್ತ ಹೊರಟುಹೋದರು.

“ಸಾರ್ ಅರ್ಧಕ್ಕೇ ಎದ್ದೋದ್ರಲ್ಲ! ನಿಮ್ಮೋರಾ?” ಎನ್ನುತ್ತ ವೇಟರ್ ಅರ್ಧ ಉಳಿದ ಲೋಟವನ್ನು ಇವನ ಮೇಜಿಗೆ ತಂದ. ಇವನು ಬೇಡ ಎಂದು ಕೈ ಅಡ್ಡ ಹಿಡಿದ. ಲೋಟ ಮಗುಚಿತು. ಮಾವನವರು ದಿನವೂ ತೆಗೆದುಕೊಳ್ಳುವುದು ಅಳಿಯನ ಅಂಗಿಯ ಕಾಲರಿನಿಂದ ಹಿಡಿದು ಪ್ಯಾಂಟಿನ ಮಂಡಿಯವರೆಗೂ ಹರಿಯಿತು.

ಮನೆ ಮುಟ್ಟಿದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಮಾವನವರು ಕುರ್ಚಿಯಲ್ಲಿ ಕೂತು, ಕನ್ನಡಕವಿಲ್ಲದ ಕಣ್ಣಿನಿಂದ ನೆಲವನ್ನು ಓದುತ್ತಿದ್ದರು.

“ಅಪ್ಪ ಹೇಳಿದ್ದು ನಿಜಾನಾ?”

“ಏನ್ ಹೇಳಿದ್ರು?”

“ಗ್ರಂಥಾಲಯದಿಂದ ಬರ್ತಾ ಇದ್ರಂತೆ. ಬಾರಿನ ಕಿಟಕೀಲಿ ನಿಮ್ಮ ಮುಖ ಕಾಣಿಸ್ತಂತೆ. ಪಾಪ, ಮರ್ಯಾದೆ ಎಲ್ಲ ಬಿಟ್ಟು ಒಳಗೆ ಹೋಗಿ, ಹತ್ರ ನಿಂತು ಬುದ್ಧಿ ಹೇಳಿ ಬಂದ್ರಂತೆ. ಹತ್ರ ನಿಂತಿದ್ದಕ್ಕೇ ಅವರ ಮೈಯೆಲ್ಲ ವಾಸನೆ! ಹತ್ರ ನಿಂತೋರೇ ಹಿಂಗೆ ನಾರ್ತಿದ್ರೆ, ನೀವು ಎಷ್ಟು ಕುಡಿದಿರ್ಬೇಕು ಹೇಳಿ!”

ಗುಣಮಟ್ಟ ಮಾವನವರನ್ನು ನೋಡಿದ. ಮಾವನವರು ನೆಲದ ಮುಂದಿನ ಹಾಳೆಗೆ ಹೋದರು.

“ನಾನು ಕುಡಿದಿಲ್ಲ ಕಣೇ” ಎಂದ ಗುಣಮಟ್ಟ.

ಹೆಂಡತಿ ಒಳಗೆ ಹೋಗಿ ಒಂದು ಕರಪತ್ರ ತಂದಳು. ‘ನಿಮ್ಮ ಮನೆಗೆ ಕುಡಿತ ಹೊಕ್ಕಿದೆಯೇ? ತಿಳಿಯುವುದು ಹೇಗೆ?’ ಎಂಬ ಆ ಕರಪತ್ರ ಊರಿನ ಪ್ರತಿ ಮನೆಗೂ ಹೋಗಿತ್ತು. ಬರೆದವನು ಇವನೇ.

“ಮೊದಲನೇ ಲಕ್ಷಣ ಓದ್ತೀನಿ ಕೇಳಿ. ‘ಕುಡಿಯುವವನು ತಾನು ಕುಡಿಯುವುದಿಲ್ಲ ಎಂದು ಸಾಧಿಸುತ್ತಾನೆ.’ ಯಾರ್ರೀ ಬರೆದಿದ್ದು ಇದನ್ನ?”

ಅವನು ಸುಮ್ಮನಾದ.

“ಎರಡನೇ ಲಕ್ಷಣ. ‘ಪ್ರಶ್ನೆ ಕೇಳಿದರೆ ಸುಮ್ಮನಾಗುತ್ತಾನೆ.’”

ಏನಾದರೂ ಹೇಳೋಣವೆಂದು ಬಾಯಿ ತೆರೆದ, ಮಾತು ತೊದಲಿತು. ‘ಮಾತು ತಡವರಿಸುತ್ತದೆ’ ಎಂಬುದು ಮೂರನೆಯದು. ಒದ್ದೆ ಬಟ್ಟೆ ಒಗೆಯಲೆಂದು ಅವಳು ಜೇಬು ತಡಕಿದಾಗ ಎಡಗಡೆಯಿಂದಲೂ ಬಲಗಡೆಯಿಂದಲೂ ಬೆಂಕಿಕಡ್ಡಿಗಳು ಉದುರಿದವು. “ಅಯ್ಯಯ್ಯೋ, ಬೀಡೀನೂ ಶುರುವಾಗಿದೆಯಾ?” ಎಂದು ಅವಳು ಗೋಡೆ ಹಿಡಿದು ಕೂತಳು. ಕರಪತ್ರದಲ್ಲಿ ಅದೂ ಇತ್ತು. ‘ಒಂದು ಚಟ ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ.’ ಬರೆಯುವಾಗ ಆ ಸಾಲು ಎಷ್ಟು ಚೆಂದ ಬಂತೆಂದು ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಗೋಡೆಯಾಚೆ ಪಕ್ಕದ ಮನೆಯ ಟೈಲರಮ್ಮನ ಹೊಲಿಗೆ ಯಂತ್ರ ನಿಂತುಹೋಯಿತು. ಈ ಯಂತ್ರ ನಿಂತಿತೆಂದರೆ ಟೈಲರಮ್ಮ ಕಿವಿಗೊಟ್ಟಿದ್ದಾಳೆ ಎಂದು ಬೀದಿಗೆಲ್ಲ ಗೊತ್ತು. ಬೆಳಗಾಗುವಷ್ಟರಲ್ಲಿ ಬೀದಿ ಬೆಚ್ಚಿಬಿದ್ದಿತ್ತು. ಹಾಲಿನವನು ಹಾಲು ಕೊಡುವುದನ್ನು ಮರೆತು ನಿಂತ. ಕ್ಷೌರಿಕ ಒಬ್ಬರಿಗೆ ಅರ್ಧ ಮೀಸೆ ತೆಗೆದು, ಸುದ್ದಿ ಕೇಳಿ, ಇನ್ನರ್ಧವನ್ನು ಹಾಗೇ ಬಿಟ್ಟ. ಕುಡಿಯುವುದು ಹೋಗಲಿ, ಕುಡಿಯಬೇಡಿ ಎನ್ನಲು ಸಂಬಳ ಪಡೆಯುವವನೇ ಕುಡಿದನೆಂದರೆ? ಬೀದಿಯ ನಿಜವಾದ ಕುಡುಕರಿಗಂತೂ ಈ ಆಘಾತ ತಡೆಯಲಾಗಲಿಲ್ಲ. ಅವರಲ್ಲೊಬ್ಬ ಬಾಗಿಲಿಗೇ ಬಂದು, “ಸಾರ್, ನಾವು ಹಾಳಾಗಿದ್ದು ಸಾಕು. ನೀವಾದ್ರೂ ಚೆನ್ನಾಗಿರ್ಬೇಕಿತ್ತು” ಎಂದು ಕಣ್ಣೊರೆಸಿಕೊಂಡು ಹೋದ.

ಟೈಲರಮ್ಮ ಸಮಾಧಾನ ಹೇಳುವ ನೆಪದಲ್ಲಿ ಬಂದು ಒಳಗೇ ಕೂತಿದ್ದಳು. ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುಣಮಟ್ಟ ಒಂದು ಚಿತ್ರ ಬರೆದು ತೂಗುಹಾಕಿದ್ದ. ಸಮಸ್ಯೆಯನ್ನು ತಲೆಯಾಗಿ, ಕಾರಣಗಳನ್ನು ಮುಳ್ಳುಗಳಾಗಿ ಬರೆಯುವ ಮೀನಿನ ಮೂಳೆಯ ಚಿತ್ರ. ಟೈಲರಮ್ಮ ಅದನ್ನು ನೋಡಿ ಎದೆ ಹಿಡಿದುಕೊಂಡಳು.

“ಇದೇನ್ ತಂಗಿ ಇದು, ಅಸ್ಥಿಪಂಜರ?”

“ಅವರೇ ಬರೆದಿದ್ದು ಅಕ್ಕಾ. ತರಬೇತಿಯಿಂದ ಬಂದಾಗಿಂದ ಹಿಂಗೇ.”

“ನಾನು ಕೇಳಿದೀನಿ. ತಲೆಗೇರಿದಾಗ ಕುಡಿಯೋರಿಗೆ ಹಿಂಗೇ ಮೂಳೆ ಮೂಳೆ ಕಾಣ್ಸುತ್ತಂತೆ.”

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಬಾರಿನ ವೇಟರ್ ನಿಂತಿದ್ದ, ಕೈಯಲ್ಲಿ ಕನ್ನಡಕ. “ಸಾರ್, ನಿನ್ನೆ ನಿಮ್ಮ ಪಕ್ಕದ ಮೇಜಲ್ಲಿ—”

“ನಂದೇ! ನಂದೇ ಅದು, ಕೊಡಪ್ಪಾ!” ಎಂದು ಗುಣಮಟ್ಟ ಹಾರಿಬಂದ. ಅಷ್ಟು ಜೋರಾಗಿ ಅವನು ಮಾತಾಡಿದ್ದು ಆ ಮನೆಯಲ್ಲಿ ಅದೇ ಮೊದಲು. ನಂಬಿಕೆ ಬರಲೆಂದು ಕನ್ನಡಕವನ್ನು ಕಿತ್ತುಕೊಂಡು ಮೂಗಿಗೇರಿಸಿದ. ಮಾವನವರ ಕಣ್ಣಿಗೆ ತಕ್ಕ ದಪ್ಪ ಗಾಜು. ಬಾಗಿಲು ಗೋಡೆಗೆ ಸರಿಯಿತು, ಗೋಡೆ ಟೈಲರಮ್ಮನ ಮೇಲೆ ಬಾಗಿತು, ನೆಲ ಕೈಗೆ ಸಿಗುವಷ್ಟು ಮೇಲೆ ಬಂತು. ಅವನು ಸ್ಟೂಲಿಗೆ ಎಡವಿ, ಪಾತ್ರೆ ತೊಳೆಯುವ ಬಕೆಟ್ಟಿನೊಳಗೆ ಒಂದು ಕಾಲಿಟ್ಟು ನಿಂತ.

“ನೋಡಿದ್ಯಾ? ಬೆಳಿಗ್ಗೆ ಬೆಳಿಗ್ಗೆನೇ ತೂರಾಟ!” ಎಂದಳು ಟೈಲರಮ್ಮ.

“ಅದು ಅಪ್ಪನ ಕನ್ನಡಕ!” ಎಂದಳು ಹೆಂಡತಿ. “ಅಪ್ಪನ ಕನ್ನಡಕ ಬಾರಿಗೆ ಹೆಂಗ್ರೀ ಹೋಯ್ತು?”

ಕುರ್ಚಿಯಲ್ಲಿ ಮಾವನವರ ಬೆನ್ನು ಜೀವಮಾನದಲ್ಲಿ ಮೊದಲ ಸಲ ಬಾಗಿತು. ತಾಯಿ ತೀರಿಕೊಂಡ ಮೇಲೆ ಈ ಮಗಳು ನೆಲಕ್ಕೆ ಬಿದ್ದವಳು ಎದ್ದು ನಿಂತದ್ದೇ ಆ ಬೆನ್ನನ್ನು ನೋಡಿ. ಅಪ್ಪ ಒಂದು ದಿನವೂ ಕುಗ್ಗಲಿಲ್ಲ, ನಾನೂ ಕುಗ್ಗಲಾರೆ ಎನ್ನುವುದು ಅವಳ ಮಂತ್ರ. ಅದನ್ನು ಕೇಳಿ ಕೇಳಿ ಗುಣಮಟ್ಟನಿಗೆ ಬಾಯಿಪಾಠವಾಗಿತ್ತು.

“ನಾನೇ ತಗೊಂಡ್ ಹೋಗಿದ್ದೆ” ಎಂದ ಅವನು ಬಕೆಟ್ಟಿನೊಳಗಿನಿಂದ.

“ಯಾಕೆ?”

ಅವನಿಗೆ ಕಾರಣ ಹೊಳೆಯಲಿಲ್ಲ. ಹೊಳೆದದ್ದು ಟೈಲರಮ್ಮನಿಗೆ. “ಇನ್ಯಾಕೆ ತಂಗಿ, ಅಡವಿಡಕ್ಕೆ! ‘ಮನೆಯ ಸಾಮಾನು ಒಂದೊಂದಾಗಿ ಕಾಣೆಯಾಗುತ್ತದೆ’ ಅಂತ ಅದ್ರಲ್ಲೇ ಬರೆದಿದಾರಲ್ಲ ಪುಣ್ಯಾತ್ಮರು!”

ವೇಟರ್ ಎಷ್ಟೋ ಮನೆಗಳ ಕಥೆ ನೋಡಿದವನು. ಒಮ್ಮೆ ಅಳಿಯನನ್ನು, ಒಮ್ಮೆ ಮಾವನನ್ನು ನೋಡಿದ. ಮಾವನವರಿಗೆ ಬಗ್ಗಿ ನಮಸ್ಕಾರ ಮಾಡಿ ಹೊರಟುಹೋದ.

“ಬಾರಿನೋನೂ ಮೇಷ್ಟ್ರಿಗೆ ಎಷ್ಟು ಮರ್ಯಾದೆ ಕೊಡ್ತಾನೆ ನೋಡು” ಎಂದಳು ಟೈಲರಮ್ಮ. “ಅಂಥಾ ದೇವರಂಥಾ ಮನುಷ್ಯನ ಕನ್ನಡಕ!”

ಮಧ್ಯಾಹ್ನ ಹಿತ್ತಲಲ್ಲಿ ಗುಣಮಟ್ಟ ಕಾಲು ತೊಳೆಯುತ್ತಿದ್ದಾಗ ಮಾವನವರು ಬಂದು ಪಕ್ಕದಲ್ಲಿ ನಿಂತರು.

“ಅಳಿಯಂದ್ರೇ.”

“ಮಾವ?”

ಮಾವನವರು ಬಗ್ಗಿ ನಲ್ಲಿಯನ್ನು ಒಮ್ಮೆ ತಿರುಗಿಸಿದರು. “ನಲ್ಲಿ ಸೋರ್ತಿದೆ” ಎಂದರು.

“ಹೌದು ಮಾವ, ಸೋರ್ತಿದೆ.”

ಮಾವನವರು ಒಳಗೆ ಹೋದರು.

ಮೇಲಧಿಕಾರಿ ಮೇಡಂ ಸುದ್ದಿ ಮುಟ್ಟಿದ ಕೂಡಲೇ ಓಡಿಬಂದರು. ಕೇಂದ್ರದ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಕಿಟಕಿಗೆ ಜೋತುಬಿದ್ದರು. ಇವನ ಕೆಲಸ ಹೋಯಿತು, ಕೇಂದ್ರಕ್ಕೆ ಬೀಗ ಬಿತ್ತು ಎಂದೇ ಎಲ್ಲರ ಲೆಕ್ಕ. ವೇದಿಕೆಯಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಮಾವನವರು. ಮುಂದಿನ ಸಾಲಿನಲ್ಲಿ ಕಣ್ಣು ಊದಿಸಿಕೊಂಡ ಹೆಂಡತಿ, ಅವಳ ಭುಜ ಹಿಡಿದ ಟೈಲರಮ್ಮ. ನಡುವೆ ನಿಂತಿದ್ದ ಗುಣಮಟ್ಟ.

ಮೇಡಂ ಎದ್ದು ನಿಂತು ಹೇಳಿದ ಮೊದಲ ಮಾತಿಗೇ ಸಭೆ ಬೆರಗಾಯಿತು.

“ಇವರನ್ನ ಯಾರೂ ಬೈಬಾರದು. ತಪ್ಪು ಮನುಷ್ಯನದ್ದಲ್ಲ, ವ್ಯವಸ್ಥೆಯದ್ದು. ನಾವೀಗ ಬುಡ ಹುಡುಕೋಣ. ಐದು ಸಲ ‘ಏಕೆ’ ಕೇಳ್ತೀನಿ. ಅಧ್ಯಕ್ಷರೇ, ಒಪ್ಪಿಗೆನಾ?”

“ಹೂಂ” ಎಂದರು ಮಾವನವರು. ಇದು ಹಳೆಯ ‘ಹೂಂ’ ಆಗಿರಲಿಲ್ಲ.

“ಒಂದು. ನೀವು ಕುಡಿದಿದ್ದೇಕೆ?”

ಗುಣಮಟ್ಟ ಯೋಚಿಸಿದ. ಕುಡಿದಿಲ್ಲವೆಂದರೆ ಕರಪತ್ರದ ಮೊದಲ ಲಕ್ಷಣ. “ಬಾರಿಗೆ ಹೋಗಿದ್ದೆ ಮೇಡಂ.”

“ಒಪ್ಕೊಂಡ್ರು!” ಎಂದು ಕಿಟಕಿಯಲ್ಲಿ ಯಾರೋ ಕೂಗಿದರು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

“ಎರಡು. ಬಾರಿಗೆ ಹೋಗಿದ್ದೇಕೆ?”

“ಅಲ್ಲಿ ಏನಾಗ್ತಿದೆ ಅಂತ ನೋಡಕ್ಕೆ.”

“ಎಲ್ಲರೂ ಹಂಗೇ ಶುರು ಮಾಡೋದು” ಎಂದಳು ಟೈಲರಮ್ಮ. “ಬರೀ ನೋಡಕ್ಕೆ!”

“ನಿಶ್ಶಬ್ದ! ಮೂರು. ನೋಡೋಕೇಕೆ ಹೋದ್ರಿ?”

“ಯಾರು ಕುಡಿತಾರೆ, ಎಷ್ಟು ಜನ ಕುಡಿತಾರೆ ಅಂತ ನಮಗೆ ಗೊತ್ತೇ ಇಲ್ವಲ್ಲ ಮೇಡಂ.”

“ನಾಲ್ಕು. ಯಾಕೆ ಗೊತ್ತಿಲ್ಲ?”

“ಯಾರೂ ಹೇಳಲ್ಲ.”

ಮೇಡಂ ಮೇಜಿನ ಮೇಲೆ ಎರಡೂ ಅಂಗೈ ಊರಿ ಮುಂದೆ ಬಾಗಿದರು. ತರಬೇತಿಗಳಲ್ಲಿ ಎಷ್ಟೋ ಸಲ ವಿವರಿಸಿದ್ದ, ಆದರೆ ಕಣ್ಣಾರೆ ಎಂದೂ ನೋಡಿರದ ಐದನೆಯ ‘ಏಕೆ’ ಅವರ ಬಾಯ ತುದಿಗೆ ಬಂದಿತ್ತು.

“ಐದು. ಯಾರೂ ಯಾಕೆ ಹೇಳಲ್ಲ?”

ಗುಣಮಟ್ಟ ತಲೆ ಎತ್ತಿದ. ವೇದಿಕೆಯ ಮೇಲೆ ಮಾವನವರ ಎರಡು ಕೈಗಳೂ ಕುರ್ಚಿಯ ತೋಳುಗಳನ್ನು ಊರಿಕೊಂಡಿದ್ದವು. ಎದ್ದುಬಿಡುತ್ತಾರೆ, ಈಗ ಎದ್ದು ಎಲ್ಲವನ್ನೂ ಹೇಳಿಬಿಡುತ್ತಾರೆ ಎನಿಸಿತು. ಹೆಂಡತಿಯ ದೃಷ್ಟಿ ಗಂಡನ ಮೇಲಿತ್ತು. ಅಪ್ಪನನ್ನು ಅವಳು ನೋಡುತ್ತಿರಲಿಲ್ಲ. ನೋಡುವ ಅಗತ್ಯವೇ ಅವಳಿಗೆ ಕಂಡಿರಲಿಲ್ಲ.

“ಹೇಳಿದ್ರೆ ಮನೇಲಿ ತಲೆ ಎತ್ತಕ್ಕಾಗಲ್ಲ ಮೇಡಂ” ಎಂದ ಅವನು. “ಎಷ್ಟೋ ವರ್ಷ ಮನೆಯೋರು ನಮ್ಮನ್ನ ನೋಡೇ ಧೈರ್ಯ ತಂದ್ಕೊಂಡಿರ್ತಾರೆ. ಅಂಥವರ ಮುಂದೆ ಹೆಂಗೆ ಹೇಳೋದು? ನಾನು ಬರೆದ ಕರಪತ್ರದಲ್ಲಿ ಕುಡಿಯೋರನ್ನ ಹಿಡಿಯೋದು ಹೆಂಗೆ ಅಂತ ಇದೆ. ಅವರು ಬಾಯಿಬಿಟ್ಟು ಹೇಳಿದ್ರೆ ನಾವೇನ್ ಮಾಡ್ತೀವಿ ಅಂತ ಎಲ್ಲೂ ಇಲ್ಲ. ಹಂಗಿದ್ಮೇಲೆ ಯಾರು ಹೇಳ್ತಾರೆ?”

ಅವನ ಬಾಯಿಂದ ಒಟ್ಟಿಗೆ ಅಷ್ಟು ಮಾತು ಬಂದದ್ದಕ್ಕೇ ಬೀದಿ ಮೂರ್ಛೆ ಹೋಗುವುದರಲ್ಲಿತ್ತು. ಮೇಡಂ ಕುರ್ಚಿಗೆ ಕುಸಿದು, “ಸಿಕ್ತು, ಬುಡ ಸಿಕ್ತು!” ಎಂದು ಪಿಸುಗುಟ್ಟಿದರು. ಊರಿನ ತುಂಬ ಹಂಚಿದ ಕರಪತ್ರವೇ ಊರಿನ ಬಾಯಿ ಮುಚ್ಚಿಸಿತ್ತು ಎಂದು ಯಾರಿಗೆ ಹೊಳೆದಿತ್ತು?

ಆಗ ಮಾವನವರು ನಿಜಕ್ಕೂ ಎದ್ದರು.

“ಇದರಲ್ಲಿ ಇನ್ನೊಬ್ಬರು…” ಎಂದು ಮಾವನವರು ಶುರುಮಾಡಿದರು.

“ಇನ್ನೊಬ್ಬರು ಜೊತೆಗಿದ್ರೆ ಬಿಟ್ಟುಬಿಡ್ತೀನಿ!” ಎಂದು ಅಳಿಯ ಮಧ್ಯೆ ಬಾಯಿಹಾಕಿದ. “ಸಂಜೆ ಒಬ್ಬನೇ ಇದ್ರೆ ಕಷ್ಟ. ಮಾವ ಜೊತೆಗಿರ್ತಾರೆ ಮೇಡಂ. ದಿನಾ ಸಂಜೆ ನನ್ನ ಕರ್ಕೊಂಡು ತಿರುಗಾಡಕ್ಕೆ ಹೋಗ್ತಾರೆ. ಅಲ್ವಾ ಮಾವ?”

ಸಭೆಗೆ ಸಭೆಯೇ ಮೇಷ್ಟ್ರತ್ತ ತಿರುಗಿತು. ಮೇಷ್ಟ್ರು ನಿಧಾನವಾಗಿ ಕೂತರು.

“ಒಬ್ಬರ ಮೇಲೆ ಪ್ರಯೋಗ!” ಎಂದು ಮೇಡಂ ಚಪ್ಪಾಳೆ ತಟ್ಟಿದರು. “ಇದೇ ಬೇಕಾಗಿತ್ತು ನನಗೆ. ಅಧ್ಯಕ್ಷರೇ, ಒಂದು ಸಂಜೆನೂ ಇವರನ್ನ ಕಣ್ಣು ತಪ್ಪಿಸಿ ಬಿಡಬೇಡಿ!”

ಪ್ರಯೋಗ ಅಂದೇ ಶುರುವಾಯಿತು. ಸೂರ್ಯ ಇಳಿಯುವ ಹೊತ್ತಿಗೆ ಮಾವನೂ ಅಳಿಯನೂ ಚಪ್ಪಲಿ ಮೆಟ್ಟಿ ಹೊರಡುವರು. ಮೇಷ್ಟ್ರು ಅಳಿಯನ ತೋಳನ್ನು ಗಟ್ಟಿಯಾಗಿ ಹಿಡಿದಿರುತ್ತಿದ್ದರು. ಓಡಿಹೋಗದ ಹಾಗೆ ಹಿಡಿದಿದ್ದಾರೆಂದು ಬೀದಿ ಮೆಚ್ಚಿತು. ಹಿಡಿದ ಆ ಕೈ ಎಷ್ಟು ನಡುಗುತ್ತದೆಂಬುದು ತೋಳಿಗೆ ಮಾತ್ರ ತಿಳಿಯುತ್ತಿತ್ತು. ಮೊದಮೊದಲು ಮಾವನವರಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ, ಸುಮ್ಮಸುಮ್ಮನೆ ಬೆವರಿದರು. ವೈದ್ಯರ ಬಳಿಗೂ ಇಬ್ಬರೂ ಒಟ್ಟಿಗೇ ಹೋದರು. ಅಳಿಯನನ್ನು ತೋರಿಸಲೆಂದು ಮಾವ ಕರೆದೊಯ್ದರು ಎಂದು ಮನೆಯಲ್ಲಿ ತಿಳಿದಿದ್ದರು. ಬಾಗಿಲು ಮುಚ್ಚಿದ ಮೇಲೆ ವೈದ್ಯರು ಯಾರ ನಾಡಿ ಹಿಡಿದರೋ, ಯಾರಿಗೆ ಮಾತ್ರೆ ಬರೆದರೋ, ಹೊರಗೆ ಕೂತವರಿಗೆ ಕಾಣಲಿಲ್ಲ.

“ನೋಡಿ, ನಿಮ್ಮ ಯೋಚನೇಲಿ ಅಪ್ಪ ಹೆಂಗೆ ಸೊರಗಿದಾರೆ!” ಎಂದು ಹೆಂಡತಿ ಗಂಡನ ತಟ್ಟೆಗೆ ಅನ್ನವನ್ನು ಎತ್ತಿ ಕುಕ್ಕಿದಳು.

“ಹೌದು” ಎಂದ ಗಂಡ.

ಒಂದು ಸಂಜೆ ಬಾರಿನ ಮುಂದೆ ಹಾದುಹೋಗುವಾಗ ಬಾಗಿಲಲ್ಲಿ ನಿಂತಿದ್ದ ವೇಟರ್ ಅಭ್ಯಾಸಬಲದಿಂದ ಕೈಯೆತ್ತಿದ. “ಸಾರ್, ಬಹಳ ದಿನ ಆಯ್ತು!” ಮಾವನವರ ಹೆಜ್ಜೆ ನಿಂತಿತು. ಗುಣಮಟ್ಟ ತಾನೇ ಕೈಯೆತ್ತಿ, “ಬಿಟ್ಟುಬಿಟ್ಟೆ ಕಣಪ್ಪಾ!” ಎಂದು ಇಡೀ ರಸ್ತೆಗೆ ಕೇಳುವಂತೆ ಕೂಗಿದ. ಎದುರು ಬರುತ್ತಿದ್ದ ಇಬ್ಬರು ಬೆಚ್ಚಿ ಪಕ್ಕಕ್ಕೆ ಸರಿದರು.

ರಸ್ತೆಯ ಕೊನೆಯಲ್ಲಿ ಮಾವನವರು ಮುಂದೆ ನೋಡುತ್ತಲೇ ಹೇಳಿದರು. “ನಿಮ್ಮತ್ತೆ ಹೋದ್ಮೇಲೆ ಸಂಜೆಗಳು ಬಹಳ ಉದ್ದ ಆಗೋದ್ವು ಅಳಿಯಂದ್ರೇ.”

ಗುಣಮಟ್ಟ ತಿರುಗಿ ಮನೆಯ ದಾರಿ ಹಿಡಿಯುವ ಬದಲು ಇನ್ನೊಂದು ಬೀದಿಗೆ ಹೊರಳಿದ. ಮಾವನವರು ಜೊತೆಗೆ ಹೊರಳಿದರು.

ಆಮೇಲಿನದನ್ನು ಕಂಡು ಬೀದಿ ಕಣ್ಣು ಕಣ್ಣು ಬಿಟ್ಟಿತು. ಒಂದು ದಿನ ಟೈಲರಮ್ಮ ತನ್ನ ಗಂಡನನ್ನು ತೋಳು ಹಿಡಿದು ಎಳೆತಂದಳು. “ಇವರನ್ನೂ ಸಂಜೆ ಜೊತೇಲಿ ಕರ್ಕೊಂಡ್ ಹೋಗಿ. ಯಾಕೆ ಅಂತ ಐದ್ ಸಲ ಎಲ್ಲ ಕೇಳ್ಬೇಡಿ!” ಗೋಡೆಯಾಚೆಯ ಸುದ್ದಿಯೆಲ್ಲ ಊರಿಗೆ ಹಂಚುತ್ತಿದ್ದವಳ ಗೋಡೆಯೊಳಗೆ ಇದಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಅವಳ ಹಿಂದೆ ಕ್ಷೌರಿಕ ತಾನಾಗಿಯೇ ಬಂದ. ಅವನು ಅಂದು ಅರ್ಧ ಮೀಸೆಗೆ ಕೈ ತಡೆದದ್ದು ಸುದ್ದಿ ಕೇಳಿಯೋ, ಕೈ ನಡುಗಿಯೋ ಎಂದು ಯಾರೂ ವಿಚಾರಿಸಲಿಲ್ಲ. ಬಂದವರನ್ನು ಏನೂ ಕೇಳಬಾರದು ಎಂಬುದು ಆ ತಿರುಗಾಟದ ಒಂದೇ ನಿಯಮ. ಅದನ್ನು ಮಾಡಿದವರು ಮೇಷ್ಟ್ರು. ಹಳೆಯ ಕರಪತ್ರ ಹೋಗಿ ಹೊಸದು ಬಂತು. ಅದರಲ್ಲಿ ಲಕ್ಷಣಗಳೇ ಇರಲಿಲ್ಲ. ‘ಸಂಜೆ ಹೊತ್ತು ಹೋಗದಿದ್ದರೆ ನಮ್ಮ ಜೊತೆ ಬನ್ನಿ’ ಎಂದಿತ್ತು, ಅಷ್ಟೆ.

ಮೇಡಂ ಮತ್ತೆ ಬಂದು, ಬಿಟ್ಟವರೊಬ್ಬರನ್ನು ತೋರಿಸಿ ಎಂದರೆ ಸಾಲಾಗಿ ನಿಂತ ಗುಂಪನ್ನು ಕಂಡು ಕೈಚೀಲ ಕೆಳಗೆ ಬೀಳಿಸಿದರು. ಬೀಗದ ಮಾತು ಅಲ್ಲಿಗೆ ಮುಗಿಯಿತು. ಸುತ್ತಲ ಊರುಗಳಿಗೆ ಹೋಗಿ ‘ನಾನು ಬಿಟ್ಟದ್ದು ಹೇಗೆ’ ಎಂದು ಮಾತಾಡುವಂತೆ ಗುಣಮಟ್ಟನಿಗೆ ಆಜ್ಞೆಯಾಯಿತು. ಎಂದೂ ಹಿಡಿಯದ್ದನ್ನು ಬಿಟ್ಟ ಬಗೆಯನ್ನು ಅವನು ಊರೂರಿನಲ್ಲಿ, ಸಾಧ್ಯವಾದಷ್ಟು ಚಿಕ್ಕದಾಗಿ, ಹೇಳಿ ಬಂದ. ಕೇಳಿದವರು ಕಣ್ಣೀರಿಟ್ಟರು.

ಒಂದು ಸಂಜೆ ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ಹೆಂಡತಿ ಅಡ್ಡ ಬಂದು ನಿಂತಳು.

“ಅಪ್ಪ ಇಲ್ದಿದ್ರೆ ನೀವು ಇವತ್ತು ಎಲ್ಲಿರ್ತಿದ್ರೋ. ಅವರಿಗೆ ಒಂದ್ಸಲನಾದ್ರೂ ಥ್ಯಾಂಕ್ಸ್ ಹೇಳಿದೀರೇನ್ರೀ?”

“ಇಲ್ಲ.”

“ಮತ್ತೆ ಹೇಳಿ. ನನ್ನ ಮುಂದೆನೇ ಹೇಳಿ.”

ಮಾವನವರು ಬಾಗಿಲಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕಾಯುತ್ತಿದ್ದರು. ಗುಣಮಟ್ಟ ಅವರೆದುರು ನಿಂತ.

“ಥ್ಯಾಂಕ್ಸ್ ಮಾವ.”

ಮಾವನವರು ಏಟು ತಿಂದವರ ಹಾಗೆ ಒಂದು ಹೆಜ್ಜೆ ಹಿಂದೆ ಸರಿದರು. ಅಳಿಯನನ್ನು ನೋಡಿದರು, ಮಗಳನ್ನು ನೋಡಿದರು. ಮುಖ ಕೆಂಪಾಯಿತು. “ಮಗಳೇ,” ಎಂದರು, “ಅವತ್ತು ಆ ಬಾರಲ್ಲಿ…”

“ಟೈಲರಮ್ಮನ ಮನೆಯೋರು ಕಾಯ್ತಿದಾರೆ, ನಡೀರಿ ಮಾವ” ಎಂದು ಗುಣಮಟ್ಟ ಅವರ ತೋಳು ಹಿಡಿದ.

“ಅವತ್ತು ಏನಪ್ಪಾ? ಏನಾಯ್ತು ಅವತ್ತು?” ಎಂದು ಹೆಂಡತಿ ಹಿಂದಿನಿಂದ ಕೇಳುತ್ತಲೇ ಇದ್ದಳು. ಇಬ್ಬರೂ ಮೆಟ್ಟಿಲಿಳಿದು ಬೀದಿಗೆ ಬಂದಿದ್ದರು.

ಅಂದು ಬಾರಿನಲ್ಲಿ ತನ್ನ ಪಕ್ಕದ ಮೇಜಿನಲ್ಲಿ ಕೂತಿದ್ದವರು ಯಾರೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.